ಟೆಸ್ಟ್‌ಗೆ ಮೊದಲು ನಾನು ನೋಡುವುದು ಮಗುವಿನ ನೋಟ್‌ಬುಕ್

ನಾನು ಶಾಲೆಯಲ್ಲಿ ವಿಶೇಷ ಶಿಕ್ಷಕಿ. ಓದು, ಬರಹ, ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ತರಗತಿಯ ಶಿಕ್ಷಕರು ನನ್ನ ಹತ್ತಿರ ಕಳಿಸುತ್ತಾರೆ. "ಇವನಿಗೆ ಡಿಸ್ಲೆಕ್ಸಿಯಾ ಇದೆಯಾ, ಸ್ವಲ್ಪ ನೋಡಿ ಹೇಳಿ ಮೇಡಂ" ಅನ್ನುತ್ತಾರೆ. ಡಿಸ್ಲೆಕ್ಸಿಯಾ ಅಂದರೆ ಪದ ಓದುವುದರಲ್ಲಿ, ತಪ್ಪಿಲ್ಲದೆ ಬರೆಯುವುದರಲ್ಲಿ ಬಿಡದೆ ಕಾಡುವ ಕಲಿಕಾ ನ್ಯೂನತೆ. ಒಂದು ದಿನ ಕೂತು ನೋಡಿ ಹೇಳುವ ವಿಷಯ ಇದಲ್ಲ. ಇದೆ, ಇಲ್ಲ ಎಂದು ತೀರ್ಮಾನ ಕೊಡುವುದು ಮನಃಶಾಸ್ತ್ರಜ್ಞರ ಕೆಲಸ. ಆದರೆ ಮಗು ಅವರ ಮುಂದೆ ಕೂರುವುದು ಕೆಲವು ಗಂಟೆ, ನಮ್ಮ ಮುಂದೆ ಇಡೀ ವರ್ಷ. ಹಾಗಾಗಿ ಗುರುತಿಸುವ ಕೆಲಸದ ದೊಡ್ಡ ಪಾಲು ಶಾಲೆಯಲ್ಲೇ ಆಗಬೇಕು.

ನಾನು ಮೊದಲು ಕೇಳುವುದು ನೋಟ್‌ಬುಕ್. ಸಿಕ್ಕರೆ ಹೋದ ವರ್ಷದ್ದೂ ಬೇಕು. ಬೋರ್ಡ್ ನೋಡಿ ಬರೆದ ಪುಟಗಳಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಮುದ್ದಾಗಿ ನಕಲು ಮಾಡುವ ಎಷ್ಟೋ ಮಕ್ಕಳಿಗೆ ತಾವು ಬರೆದದ್ದನ್ನೇ ಓದಲು ಬರುವುದಿಲ್ಲ. ಉಕ್ತಲೇಖನ ಬೇಕು, ಸ್ವಂತವಾಗಿ ಬರೆದ ನಾಲ್ಕು ಸಾಲು ಬೇಕು. ಅಲ್ಲಿ ತಪ್ಪು ಎಷ್ಟಿದೆ ಎನ್ನುವುದಕ್ಕಿಂತ ಎಂಥ ತಪ್ಪು ಎನ್ನುವುದು ಮುಖ್ಯ. 'ಹಬ್ಬ' ಬರೆಯುವಾಗ ಒತ್ತು ಬಿಟ್ಟು 'ಹಬ'. 'ಶಾಲೆ' ಹೋಗಿ 'ಶಲೆ'. 'ಪುಸ್ತಕ' ಇದ್ದದ್ದು 'ಪುತಕ'. ಅದೇ ಪುಟದ ಕೆಳಗೆ ಅದೇ ಪದ ಇನ್ನೊಂದು ರೀತಿ, ಮರುದಿನ ಮತ್ತೊಂದು ರೀತಿ. ಹೀಗೆ ಒಂದೇ ಪದ ದಿನಕ್ಕೊಂದು ರೂಪ ಪಡೆಯುತ್ತಿದ್ದರೆ ಅಲ್ಲಿ ನಾನು ನಿಂತು ನೋಡುತ್ತೇನೆ.

'ಭೂಮಿ'ಯನ್ನು 'ಬೂಮಿ' ಎಂದು ಬರೆದರೆ ನನಗೆ ಚಿಂತೆ ಇಲ್ಲ. ಮಾತಿನಲ್ಲಿ ಮಹಾಪ್ರಾಣ ಬಳಸದ ಮಗು ತಾನು ಕೇಳಿದ್ದನ್ನೇ ಬರೆದಿದೆ. ಅಕ್ಷರ ತಿರುವುಮುರುವಾಗಿ ಬರೆದರೆ ಡಿಸ್ಲೆಕ್ಸಿಯಾ ಎಂಬ ಮಾತೂ ಬಹಳ ಓಡಾಡುತ್ತದೆ. ಬರೆಯಲು ಕಲಿಯುವ ಶುರುವಿನಲ್ಲಿ ಬಹಳಷ್ಟು ಮಕ್ಕಳು ಹಾಗೆ ಬರೆಯುತ್ತಾರೆ. ಇನ್ನು ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳನ್ನು ಕಲಿಯಬೇಕು. ಇಂಗ್ಲಿಷಿನ 26 ಅಕ್ಷರ ಕಲಿತಷ್ಟು ಬೇಗ ಅದು ಮುಗಿಯುವುದಿಲ್ಲ. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದಕ್ಕೆ ಹೆಸರು ಕೊಡಲು ಅವಸರ ಮಾಡಬಾರದು. ಆದರೆ ಸಹಾಯ ಕೊಡಲು ಕಾಯಲೂಬಾರದು.

ಆಮೇಲೆ ಮಗುವಿನಿಂದ ಒಂದು ಪ್ಯಾರಾ ಓದಿಸುತ್ತೇನೆ. ಅಷ್ಟೇ ಕಷ್ಟದ ಇನ್ನೊಂದು ಪ್ಯಾರಾವನ್ನು ನಾನೇ ಓದಿ ಹೇಳುತ್ತೇನೆ. ಎರಡರ ಮೇಲೂ ಪ್ರಶ್ನೆ ಕೇಳುತ್ತೇನೆ. ಓದಿದ್ದು ತಲೆಗೆ ಹೋಗಿಲ್ಲ, ಕೇಳಿದ್ದಕ್ಕೆ ಪಟಪಟ ಉತ್ತರ ಬರುತ್ತದೆ ಅಂದರೆ ಆ ಅಂತರ ಏನೋ ಹೇಳುತ್ತಿದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಓದಲು ಬಾರದ 14 ವರ್ಷದ ಚುರುಕು ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಆ ಮೇಷ್ಟ್ರು ಗಮನಿಸಿದ್ದೂ ಇದೇ ಅಂತರವನ್ನು.

ಕೆಲವು ಮಕ್ಕಳು ಪಾಠವನ್ನೇ ಬಾಯಿಪಾಠ ಮಾಡಿ ಓದಿದಂತೆ ತೋರಿಸುತ್ತಾರೆ. ಅವರಿಗಾಗಿ ಅರ್ಥವಿಲ್ಲದ ಪದಗಳನ್ನು ಇಟ್ಟುಕೊಂಡಿದ್ದೇನೆ. 'ಟಮಿಕು', 'ಬುಸ್ಲೆ', ಹೀಗೆ. ಇವನ್ನು ಊಹಿಸಲು ಆಗುವುದಿಲ್ಲ, ಅಕ್ಷರ ಕೂಡಿಸಿಯೇ ಓದಬೇಕು. 'ಕಮಲ'ದಲ್ಲಿ ಮೊದಲ ಅಕ್ಷರ ತೆಗೆದರೆ ಏನು ಉಳಿಯುತ್ತದೆ ಎಂದು ಬಾಯಲ್ಲೇ ಕೇಳುತ್ತೇನೆ. ಪರಿಚಿತ ಚಿತ್ರಗಳ ಹೆಸರನ್ನು ಸಾಲಾಗಿ, ಬೇಗ ಬೇಗ ಹೇಳಿಸುತ್ತೇನೆ. ಓದಿನ ತೊಂದರೆ ಇರುವ ಬಹಳ ಮಕ್ಕಳು ಇಲ್ಲೂ ನಿಧಾನ. ಲೆಕ್ಕಕ್ಕೆ ಬೇರೆ ಪ್ರಶ್ನೆಗಳಿವೆ. ದೊಡ್ಡ ತರಗತಿಗೆ ಬಂದರೂ ಆರಕ್ಕೆ ಮೂರು ಕೂಡಿಸಲು ಬೆರಳು ಬೇಕಾ, 7 ಮತ್ತು 9ರಲ್ಲಿ ಯಾವುದು ದೊಡ್ಡದು ಎನ್ನಲು ಯೋಚಿಸಬೇಕಾ, ಇಂಥವು.

ಇಷ್ಟು ನೋಡಿದ ಮೇಲೂ ಬೇರೆ ಕಾರಣ ಇಲ್ಲ ಎಂದು ಖಾತ್ರಿ ಆಗಬೇಕು. ಕಣ್ಣು ತೋರಿಸಿದ್ದಾರಾ? ಕಿವಿ? ಪದೇ ಪದೇ ಕಿವಿ ಸೋರುವ ಮಗುವಿಗೆ ಪಾಠ ಅರ್ಧವೇ ಕೇಳಿಸಿರಬಹುದು. ಮನೆಯ ಭಾಷೆ ಬೇರೆಯಾ, ತಿಂಗಳುಗಟ್ಟಲೆ ಶಾಲೆ ತಪ್ಪಿದೆಯಾ, ಮನೆಯಲ್ಲಿ ದುಃಖದ ಸಂಗತಿ ಏನಾದರೂ ನಡೆದಿದೆಯಾ? ಪೋಷಕರನ್ನು ಇನ್ನೊಂದು ಮಾತೂ ಕೇಳುತ್ತೇನೆ: ಚಿಕ್ಕವರಿದ್ದಾಗ ನಿಮ್ಮಲ್ಲಿ ಯಾರಿಗಾದರೂ ಓದು ಕಷ್ಟವಾಗಿತ್ತಾ? ಈ ತೊಂದರೆ ಕುಟುಂಬದಲ್ಲಿ ಹರಿದು ಬರುವುದುಂಟು. "ನನಗೂ ಹೀಗೇ ಇತ್ತು, ಸೋಮಾರಿ ಅಂತ ಹೊಡೀತಿದ್ರು" ಎಂದು ಅಪ್ಪಂದಿರು ಹೇಳಿದ್ದನ್ನು ಕೇಳಿದ್ದೇನೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪಾಠ ಮಾಡಿ ನೋಡುವುದು. ಮಗುವನ್ನು ಸಣ್ಣ ಗುಂಪಿನಲ್ಲಿ ಕೂರಿಸಿ, ಅಕ್ಷರ ಮತ್ತು ಶಬ್ದದ ನಂಟನ್ನು ಹಂತಹಂತವಾಗಿ ಕಲಿಸುತ್ತೇನೆ. ವಾರಕ್ಕೊಮ್ಮೆ ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿತು ಎಂದು ಬರೆದಿಡುತ್ತೇನೆ. ಕಲಿಸಿದ್ದು ಸಾಲದೆ ಹಿಂದೆ ಬಿದ್ದ ಮಗು ಇದರಲ್ಲಿ ಬೇಗ ಮೇಲೆ ಬರುತ್ತದೆ. ಕಲಿಕಾ ನ್ಯೂನತೆ ಇರುವ ಮಗುವೂ ಮುಂದೆ ಹೋಗುತ್ತದೆ, ಆದರೆ ಬಹಳ ನಿಧಾನ. ನಿನ್ನೆ ಬಂದದ್ದು ಇವತ್ತು ಇರುವುದಿಲ್ಲ. ವೈದ್ಯರು, ಮನಃಶಾಸ್ತ್ರಜ್ಞರು ತೊಂದರೆ ಗುರುತಿಸಲು ಬಳಸುವ ಡಿಎಸ್‌ಎಂ-5 ಎಂಬ 2013ರ ಕೈಪಿಡಿ ಕೂಡ ಸಹಾಯ ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿರಬೇಕು ಎನ್ನುತ್ತದೆ. ಬುದ್ಧಿಮಟ್ಟಕ್ಕೂ ಅಂಕಕ್ಕೂ ದೊಡ್ಡ ಅಂತರ ಬೀಳುವ ತನಕ ಕಾಯುವ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮಗು ಸೋಲಲಿ ಎಂದು ಕಾದಂತೆ ಅಲ್ವಾ ಅದು?

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ಓದು, ಬರಹ ಅಥವಾ ಲೆಕ್ಕದ ನ್ಯೂನತೆ ಇರಬಹುದು ಎಂದೂ ಅದೇ ಡಿಎಸ್‌ಎಂ-5 ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಪ್ರತಿ ತರಗತಿಯಲ್ಲೂ ಒಬ್ಬರಾದರೂ ಇರುತ್ತಾರೆ. ಗಲಾಟೆ ಮಾಡುವವರನ್ನು ಶಿಕ್ಷಕರು ತಾವಾಗಿಯೇ ಕಳಿಸುತ್ತಾರೆ. ಸುಮ್ನೆ ಕೂತು, ಪಕ್ಕದವಳದ್ದು ನೋಡಿ ಬರೆದು, ಓದುವ ಸರದಿ ಬಂದಾಗ ತಲೆ ತಗ್ಗಿಸುವ ಹುಡುಗಿಯನ್ನು ಯಾರೂ ಕಳಿಸುವುದಿಲ್ಲ. ಅದಕ್ಕೇ ವರ್ಷದ ಶುರುವಿನಲ್ಲಿ ಎಲ್ಲ ಮಕ್ಕಳನ್ನೂ ಒಬ್ಬೊಬ್ಬರಾಗಿ ಓದಿಸಿ ನೋಡುತ್ತೇನೆ.

ಮನಃಶಾಸ್ತ್ರಜ್ಞರಿಗೆ ಕಳಿಸುವಾಗ ನೋಟ್‌ಬುಕ್ಕಿನ ಪುಟಗಳು, ವಾರದ ಲೆಕ್ಕ, ಯಾವ ರೀತಿ ಕಲಿಸಿದಾಗ ಮಗುವಿಗೆ ಹತ್ತಿತು ಎಂಬ ಟಿಪ್ಪಣಿ, ಎಲ್ಲವನ್ನೂ ಜೊತೆಗಿಡುತ್ತೇನೆ. ಮಗು ಯಾವುದರಲ್ಲಿ ಜಾಣ ಎಂಬುದನ್ನೂ ಬರೆಯುತ್ತೇನೆ. ವರದಿ ಬರಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ತರಗತಿಯಲ್ಲಿ ಪ್ರಶ್ನೆಯನ್ನು ಓದಿ ಹೇಳಿ, ಬರೆಯಲು ಹೆಚ್ಚು ಹೊತ್ತು ಕೊಡಿ, ಎಲ್ಲರ ಎದುರು ಎದ್ದು ಓದಲು ಹೇಳಬೇಡಿ ಎಂದು ತರಗತಿಯ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಇದಕ್ಕೆ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ.