ಕೂಲಂಟ್ ಬೇಕಾಗಿರುವುದು ಚಳಿಗಲ್ಲ, ತುಕ್ಕಿಗೆ: ಹಳೇ ಜೀಪಿನ ರೇಡಿಯೇಟರ್ ಮನೆಯಲ್ಲೇ ತೊಳೆದ ಅನುಭವ

"ನಮ್ಮೂರಲ್ಲೇನು ಮಂಜುಗಡ್ಡೆ ಬೀಳ್ತದಾ? ಕೂಲಂಟ್ ಯಾಕೆ ಮಾರಾಯ, ನೀರು ಹಾಕಿದ್ರೆ ಸಾಕು." ತೀರ್ಥಹಳ್ಳಿ ಕಡೆ ಹಳೇ ಜೀಪ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಜಾಸ್ತಿ. ಅರ್ಧ ನಿಜವೇ. ಕೂಲಂಟ್ ಅಂದರೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ, ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದರ ಒಂದು ಕೆಲಸ. ರೇಡಿಯೇಟರ್ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲಿಲ್ಲ. ಆದರೆ ಬರೀ ನೀರು ಎಂಜಿನ್ ಒಳಗೆ ವರ್ಷಗಟ್ಟಲೆ ತಿರುಗಿದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಒಂದು ಸಲ ಬ್ಲಾಕಿನ (ಎಂಜಿನ್ನಿನ ಸಿಲಿಂಡರ್ ಇರುವ ಮುಖ್ಯ ಭಾಗ) ನೀರು ಬಸಿಯುವ ಡ್ರೈನ್ ಬೋಲ್ಟ್ ಬಿಚ್ಚಿ ನೋಡಬೇಕು.

ನನ್ನದು ಮಹೀಂದ್ರ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿ. ನನಗಿಂತ ಮುಂಚೆ ಇಟ್ಟುಕೊಂಡಿದ್ದವರು ಹಳ್ಳದ ನೀರು, ಬಾವಿ ನೀರು, ಸಿಕ್ಕಿದ್ದು ಹಾಕಿ ಓಡಿಸಿದ್ದರು. ಶಿವಮೊಗ್ಗಕ್ಕೆ ಹೋಗಿ ಬಂದರೆ ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಅಲುಗುತ್ತಿರಲಿಲ್ಲ. ಹುಲಿಕಲ್ ಘಾಟಿ ಹತ್ತುವಾಗ ಮಾತ್ರ ಮೆಲ್ಲಗೆ ಕೆಂಪಿನ ಕಡೆ ಏರುತ್ತಿತ್ತು. ಘಾಟಿಯಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ನಿಧಾನ. ಎದುರುಗಾಳಿ ಸಿಗುವುದಿಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ರೇಡಿಯೇಟರಿನ ಒಳಗೆ ನಾಲ್ಕು ಟ್ಯೂಬ್ ಕಟ್ಟಿದ್ದರೂ ಅಲ್ಲಿ ಗೊತ್ತಾಗುತ್ತದೆ.

ಟ್ಯೂಬ್ ಕಟ್ಟುವುದಕ್ಕೆ ಕಾರಣ ತುಕ್ಕು. ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆ. ಮೂರು ಬಗೆಯ ಲೋಹಕ್ಕೂ ಒಂದೇ ನೀರು ತಾಗುತ್ತಿದ್ದರೆ ಸವೆತ ಬೇಗ. ಕೂಲಂಟಿನಲ್ಲಿರುವ ತುಕ್ಕು ತಡೆಯುವ ರಾಸಾಯನಿಕ ಅದನ್ನು ನಿಲ್ಲಿಸುತ್ತದೆ. ಬರೀ ನೀರಿನಲ್ಲಿ ಅದು ಎಲ್ಲಿಂದ ಬರಬೇಕು?

ಕೆಲಸಕ್ಕೆ ನಾನು ಹಿಡಿದದ್ದು ಮಳೆ ನಿಂತು ದೀಪಾವಳಿ ಹತ್ತಿರ ಬಂದ ಹೊತ್ತು. ನಮ್ಮಲ್ಲಿ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಇಳಿದು ಬರುತ್ತದೆ. ಆ ಕಾಲಕ್ಕೆ ಅಬ್ಬಿ ತುಂಬಿರುತ್ತದೆ, ಪಂಪ್ ಬೇಡ, ಎಷ್ಟು ಹೊತ್ತು ಬಿಟ್ಟರೂ ನೀರು ಮುಗಿಯುವುದಿಲ್ಲ. ರಭಸವೂ ಹದವಾಗಿರುತ್ತದೆ. ಗಾಡಿ ತೊಳೆಯುವ ಪ್ರೆಶರ್ ಪಂಪನ್ನು ಹಳೇ ರೇಡಿಯೇಟರಿನ ಬಾಯಿಗೆ ಹಿಡಿಯಲೇಬೇಡಿ. ಟ್ಯಾಂಕಿನ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂದರೆ ಬೆಳಿಗ್ಗೆ ಎದ್ದ ಕೂಡಲೇ, ಮುಚ್ಚಳ ತೆಗೆದೆ. ಬಿಸಿ ಎಂಜಿನ್ನಿನ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬಾರದು, ಮುಖ ಸುಟ್ಟುಹೋಗುತ್ತದೆ. ಕೆಳಗೆ ಅಗಲದ ಬೋಗುಣಿ ಇಟ್ಟು ರೇಡಿಯೇಟರಿನ ಡ್ರೈನ್ ಕಾಕ್ ತಿರುಗಿಸಿದೆ. ಬಂದ ನೀರು ಟೀ ಡಿಕಾಕ್ಷನ್ ಬಣ್ಣದ್ದು. ಆಮೇಲೆ ಬ್ಲಾಕಿನ ಪಕ್ಕದ ಡ್ರೈನ್ ಬೋಲ್ಟ್ ಬಿಚ್ಚಿದೆ. ಬೋಲ್ಟ್ ಕೈಗೆ ಬಂತು, ನೀರು ಬರಲಿಲ್ಲ! ತೂತಿನೊಳಗೆ ಕೆಸರು ಗಟ್ಟಿಯಾಗಿ ಕೂತಿತ್ತು. ಬೈಂಡಿಂಗ್ ವೈರಿನ ತುದಿ ಮಡಚಿ ಮೆಲ್ಲಗೆ ಕೆದಕಿದೆ. ಮೊದಲು ಕಪ್ಪುಗೆಂಪು ರಾಡಿ ಹನಿಹನಿಯಾಗಿ ಬಿತ್ತು, ಆಮೇಲೆ ಒಂದು ಚಕ್ಕೆ ಕಿತ್ತು ಬಂದು ನೀರು ಭುಸ್ ಅಂತ ಚಿಮ್ಮಿತು. ಬೆರಳಲ್ಲಿ ಉಜ್ಜಿದರೆ ನುಣುಪು ಮಣ್ಣು, ನಡುನಡುವೆ ಚೂಪು ಚೂರು. ಎಂಜಿನ್ನಿನ ನೀರು ತಿರುಗಿಸುವ ಪಂಪಿನಿಂದ ದೂರ ಇರುವ ಹಿಂದಿನ ಸಿಲಿಂಡರ್ ಸುತ್ತ ಈ ರಾಡಿ ಜಾಸ್ತಿ ಕೂರುತ್ತದೆ. ರೇಡಿಯೇಟರ್ ಮಾತ್ರ ಖಾಲಿ ಮಾಡಿ ಹೊಸ ನೀರು ಹಾಕುವವರಿಗೆ ಇದು ಕಾಣುವುದೇ ಇಲ್ಲ. ಬ್ಲಾಕಿನ ಬೋಲ್ಟ್ ಬಿಚ್ಚದೆ ಫ್ಲಶ್ ಮಾಡಿದೆ ಅಂದರೆ ನಾನು ಒಪ್ಪುವುದಿಲ್ಲ.

ಮುಂದೆ ಮೇಲಿನ, ಕೆಳಗಿನ ಎರಡೂ ಹೋಸ್ ಬಿಚ್ಚಿ ನೀರನ್ನು ಉಲ್ಟಾ ಹರಿಸಿದೆ. ಜೀಪ್ ಓಡುವಾಗ ರೇಡಿಯೇಟರಿನಲ್ಲಿ ನೀರು ಮೇಲಿನಿಂದ ಕೆಳಗೆ ಹೋಗುತ್ತದೆ. ಹಾಗಾಗಿ ಕಸ ಟ್ಯೂಬಿನ ಮೇಲ್ಬಾಯಿಗೆ ಬಂದು ಸಿಕ್ಕಿಕೊಂಡಿರುತ್ತದೆ. ಅದೇ ದಿಕ್ಕಿನಲ್ಲಿ ನೀರು ಬಿಟ್ಟರೆ ಇನ್ನಷ್ಟು ಬಿಗಿಯಾಗುತ್ತದೆ. ಕೆಳಗಿನಿಂದ ಬಿಟ್ಟರೆ ಕಿತ್ತು ಮೇಲೆ ಬರುತ್ತದೆ. ಪೈಪಿನ ತುದಿಗೆ ಬಟ್ಟೆ ಸುತ್ತಿ ಕೆಳಗಿನ ಬಾಯಿಗೆ ತುರುಕಿದೆ, ಮೇಲಿನ ಬಾಯಿಯಿಂದ ಬರುವ ನೀರು ತಿಳಿಯಾಗುವ ತನಕ ಬಿಟ್ಟೆ. ಎಂಜಿನ್ನಿಗೂ ಹಾಗೇ: ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ಮಾತ್ರ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆಗೆದಿಟ್ಟು ಅದರ ಜಾಗದಿಂದ ನೀರು ಬಿಟ್ಟೆ, ಪಂಪಿನ ಕಡೆಯಿಂದ ಹೊರಗೆ ಹರಿಯಿತು.

ನೀರಿಗೆ ಬಿಡದ ತುಕ್ಕಿಗೆ ಸಿಟ್ರಿಕ್ ಆಸಿಡ್ ಪುಡಿ. ಲೀಟರ್ ನೀರಿಗೆ 20 ಗ್ರಾಂನಂತೆ ಕಲಸಿ ತುಂಬಿಸಿದೆ. ಥರ್ಮೋಸ್ಟಾಟ್ ಇಲ್ಲದೆ ಎಂಜಿನ್ ಬೇಗ ಕಾಯುವುದಿಲ್ಲ, ಅದಕ್ಕೆ ರೇಡಿಯೇಟರ್ ಮುಂದೆ ಗೋಣಿಚೀಲ ಇಳಿಬಿಟ್ಟು, ಮುಳ್ಳಿನ ಮೇಲೆ ಕಣ್ಣಿಟ್ಟು ಅರ್ಧ ಗಂಟೆ ಓಡಿಸಿದೆ. ತಣ್ಣಗಾದ ಮೇಲೆ ಖಾಲಿ ಮಾಡಿದೆ. ಇದನ್ನು ರಾತ್ರಿಯಿಡೀ ಒಳಗೆ ಬಿಡಬಾರದು, ಅಲ್ಯೂಮಿನಿಯಂ ಹೆಡ್ಡಿಗೆ ಹುಳಿ ಒಳ್ಳೆಯದಲ್ಲ. ಬಕೆಟ್ ನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ ಒಮ್ಮೆ ತೊಳೆದೆ, ಮತ್ತೆ ಬರೀ ನೀರು, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು.

ಒಂದು ಮಾತು ಮೊದಲೇ ತಿಳಿದಿರಲಿ. ಹಳೇ ರೇಡಿಯೇಟರಿನಲ್ಲಿ ಸಣ್ಣ ತೂತುಗಳನ್ನು ತುಕ್ಕೇ ಮುಚ್ಚಿಟ್ಟಿರುತ್ತದೆ. ತೊಳೆದ ಮೇಲೆ ಸೋರಿಕೆ ಹೊರಗೆ ಬರಬಹುದು. ನನ್ನದರಲ್ಲಿ ಕೆಳಗಿನ ಟ್ಯಾಂಕಿನ ಮೂಲೆ ಜಿನುಗಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದು ಬೆಸುಗೆ ಹಾಕಿಸಿದೆ. ಘಾಟಿಯ ನಡುವೆ ಸೋರುವುದಕ್ಕಿಂತ ಅಂಗಳದಲ್ಲಿ ಸೋರಿದ್ದೇ ವಾಸಿ ಅಲ್ವಾ?

ಥರ್ಮೋಸ್ಟಾಟ್ ವಿಷಯಕ್ಕೆ ಬರೋಣ. ಗಾಡಿ ಬಿಸಿಯಾಗುತ್ತದೆ ಅಂದ ಕೂಡಲೇ ಅದನ್ನು ಕಿತ್ತು ಎಸೆಯುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ. ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್ ಮಳೆಗಾಲದಲ್ಲಿ ಹದಕ್ಕೆ ಬರುವುದೇ ಇಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಬರುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕಿತ್ತು ಹಾಕುವ ಮೊದಲು ಕೆಲಸ ಮಾಡುತ್ತದೋ ಇಲ್ಲವೋ ನೋಡಿ. ಅದರ ವಾಲ್ವಿನ ಸಂದಿಗೆ ದಾರದ ತುದಿ ಸಿಕ್ಕಿಸಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟೆ, ಪಕ್ಕದಲ್ಲಿ ಥರ್ಮಾಮೀಟರ್. ನೀರು ಕಾಯುತ್ತಾ ಬಂತು. ಮೈಮೇಲೆ 82 ಅಂತ ಅಚ್ಚೊತ್ತಿತ್ತು. ಆ ಡಿಗ್ರಿ ಆಸುಪಾಸಿಗೆ ವಾಲ್ವ್ ಬಾಯಿಬಿಟ್ಟು, ದಾರ ಸಡಿಲಾಗಿ, ಟಣ್ ಅಂತ ಪಾತ್ರೆಯ ತಳಕ್ಕೆ ಬಿತ್ತು. ಸರಿಯಾಗಿದೆ ಅಂತಾಯಿತು. "ಆ ಪಾತ್ರೆ ಇನ್ನು ಒಳಗೆ ತರಬೇಡ ಮಾರಾಯ, ಕೊಟ್ಟಿಗೆಯಲ್ಲೇ ಇರಲಿ" ಅಂದರು ಅಮ್ಮ. ಹೊಸ ಗ್ಯಾಸ್ಕೆಟ್ ಹಾಕಿ ಥರ್ಮೋಸ್ಟಾಟನ್ನು ಮತ್ತೆ ಕೂರಿಸಿದೆ.

ಎರಡೂ ಹೋಸ್, ಕ್ಲಿಪ್ ಹೊಸದು ಹಾಕಿದೆ. ಮುಚ್ಚಳವೂ ಹೊಸದು. ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 0.9 (ಬಾರ್ ಲೆಕ್ಕದ ಒತ್ತಡ) ಅಂತ ಬರೆದಿರುವ ಮುಚ್ಚಳ ಸರಿಯಾಗಿ ಒತ್ತಡ ಹಿಡಿದರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ರಬ್ಬರ್ ಸವೆದಿದ್ದರೆ 100ಕ್ಕೇ ಕುದಿಯಿತು. ಆದರೆ ನಿಮ್ಮ ಗಾಡಿಗೆ ಹೇಳಿದ ಸಂಖ್ಯೆಯದ್ದೇ ಹಾಕಿ, ಜಾಸ್ತಿಯದ್ದು ಹಾಕಿದರೆ ಹಳೇ ಬೆಸುಗೆ ತಡೆಯುವುದಿಲ್ಲ.

ಕೂಲಂಟ್ ಎಷ್ಟು? ಶಾಖ ಹೊರುವುದರಲ್ಲಿ ನೀರೇ ಮೇಲು. ನಮಗೆ ಬೇಕಾದದ್ದು ತುಕ್ಕು ತಡೆ, ಅದಕ್ಕೆ ಮೂರರಲ್ಲಿ ಒಂದು ಪಾಲು ಕೂಲಂಟ್ ಇದ್ದರೆ ನಡೆಯುತ್ತದೆ. ಅದಕ್ಕಿಂತ ಕಮ್ಮಿ ಬೇಡ. ಎಷ್ಟು ತೊಳೆದರೂ ಸ್ವಲ್ಪ ನೀರು ಒಳಗೆ ಉಳಿದೇ ಇರುತ್ತದೆ, ಹಾಗಾಗಿ ಬೆರೆಸಿ ತುಂಬಿಸಲು ಹೋದರೆ ಲೆಕ್ಕ ತಪ್ಪುತ್ತದೆ. 9 ಲೀಟರ್ ಹಿಡಿಯುವ ಗಾಡಿ ಅಂತಿಟ್ಟುಕೊಳ್ಳಿ. ಮೊದಲು 3 ಲೀಟರ್ ಗಟ್ಟಿ, ಅಂದರೆ ನೀರು ಬೆರೆಸದ ಕೂಲಂಟ್ ಸುರಿದು, ಮಿಕ್ಕ ಜಾಗಕ್ಕೆ ಡಿಸ್ಟಿಲ್ಡ್ ನೀರು ತುಂಬಿದರೆ ಸರಿಹೋಗುತ್ತದೆ. ಬಣ್ಣ ನೋಡಿ ಕೂಲಂಟ್ ಆರಿಸಬೇಡಿ, ಒಂದೇ ಹಸಿರಿನಲ್ಲಿ ಬೇರೆ ಬೇರೆ ಬಗೆ ಬರುತ್ತದೆ.

ತುಂಬುವಾಗ ಜೀಪಿನ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ನಮ್ಮ ಮನೆಗೆ ಏರುವ ದಾರಿಯೇ ಅದಕ್ಕೆ ಅನುಕೂಲ. ಒಳಗಿನ ಗಾಳಿ ಮುಚ್ಚಳದ ಬಾಯಿಗೆ ಬರಬೇಕು. ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ, ಮೇಲಿನ ಹೋಸನ್ನು ಆಗಾಗ ಅಮುಕುತ್ತಾ ಕಾದೆ. ಥರ್ಮೋಸ್ಟಾಟ್ ತೆರೆದ ಕೂಡಲೇ ಹೋಸ್ ಬಿಸಿಯಾಗಿ, ಗುಳ್ಳೆ ಬಂದು, ಮಟ್ಟ ಇಳಿಯಿತು. ಮತ್ತೆ ತುಂಬಿಸಿ ಮುಚ್ಚಿದೆ. ಬಿಡದೆ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ, ಅದು ತೊಳೆದರೆ ಹೋಗುವ ರೋಗವಲ್ಲ.

ಹಳೇ ಕೂಲಂಟ್ ಇದ್ದ ಗಾಡಿಯಾದರೆ ಅದನ್ನು ತೋಟದ ಕಾಲುವೆಗೆ ಬಿಡಬೇಡಿ. ಬೋಗುಣಿಯನ್ನು ಬಯಲಲ್ಲಿ ಇಡಲೂ ಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ದನ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಘಾಟಿಯಲ್ಲಿ ಮುಳ್ಳು ಈಗ ಅರ್ಧ ದಾಟಿ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ಅದೇ ಪ್ರಮಾಣದಲ್ಲಿ ಬೆರೆಸಿದ ಒಂದು ಬಾಟಲಿ ಕೂಲಂಟನ್ನು ಹೆಸರು ಬರೆದು ಸೀಟಿನಡಿ ಇಟ್ಟಿದ್ದೇನೆ. ಮಟ್ಟ ಇಳಿದರೆ ಹಾಕುವುದು ಅದನ್ನೇ, ಹಳ್ಳದ ನೀರನ್ನಲ್ಲ.