ವರ್ಡ್‌ನಲ್ಲಿ ಟೇಬಲ್ ಹಾಕೋದು ಹೇಗೆ? ಹೊಸದಾಗಿ ಕಲಿಯೋರಿಗೆ

ಹೆಸರು, ತಾರೀಖು, ಮೊತ್ತ ಇವನ್ನೆಲ್ಲ ನೇರವಾಗಿ ಕೂರಿಸೋಕೆ ಸ್ಪೇಸ್‌ಬಾರ್ ಒತ್ತಿ ಒತ್ತಿ ಜಾಗ ಬಿಡೋರು ಇನ್ನೂ ತುಂಬಾ ಜನ ಇದ್ದಾರೆ, ದಯವಿಟ್ಟು ಅದನ್ನ ಬಿಟ್ಟು ಟೇಬಲ್ ಹಾಕಿ, ಫಾಂಟ್ ಬದಲಾಯಿಸಿದ ತಕ್ಷಣ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತೆ.

ಇನ್ಸರ್ಟ್‌ಗೆ ಹೋಗಿ ಟೇಬಲ್ ಕ್ಲಿಕ್ ಮಾಡಿದ್ರೆ ಚಿಕ್ಕ ಚೌಕಗಳು ಬರುತ್ತೆ, ಬೇಕಾದಷ್ಟರ ಮೇಲೆ ಮೌಸ್ ಎಳೆದು ಕ್ಲಿಕ್ ಮಾಡಿ. ವರ್ಡ್ ಥರದ್ದೇ ಉಚಿತ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್ ರೈಟರ್ ಬಳಸೋರು ಕಂಟ್ರೋಲ್ ಮತ್ತೆ ಎಫ್12 ಒತ್ತಿದ್ರೆ ಸಾಕು. ಕಾಲಂ (ಮೇಲಿಂದ ಕೆಳಗಿನ ಸಾಲು) ಎಷ್ಟು ಅಂತ ಮಾತ್ರ ಮೊದಲೇ ಯೋಚನೆ ಮಾಡ್ಕೊಳ್ಳಿ, ರೋ (ಅಡ್ಡ ಸಾಲು) ಬಗ್ಗೆ ತಲೆ ಕೆಡಿಸ್ಕೋಬೇಡಿ, ಯಾಕಂದ್ರೆ ಕೊನೇ ಸೆಲ್‌ನಲ್ಲಿ (ಟೇಬಲ್‌ನ ಒಂದೊಂದು ಚೌಕವೇ ಸೆಲ್) ಟ್ಯಾಬ್ ಒತ್ತಿದ್ರೆ ಹೊಸ ರೋ ತಾನಾಗೇ ಬರುತ್ತೆ. ಟ್ಯಾಬ್ ಒತ್ತಿದ್ರೆ ಮುಂದಿನ ಸೆಲ್, ಶಿಫ್ಟ್ ಟ್ಯಾಬ್ ಒತ್ತಿದ್ರೆ ಹಿಂದಿನದು. ರೋ ಮೇಲೆ ಕೆಳಗೆ ಮಾಡ್ಬೇಕಾ, ವರ್ಡ್‌ನಲ್ಲಿ ಆಲ್ಟ್ ಶಿಫ್ಟ್ ಹಿಡಿದು ಬಾಣದ ಕೀ ಒತ್ತಿ, ಕಟ್ ಪೇಸ್ಟ್ ಬೇಕಾಗಲ್ಲ.

ಅಳಿಸೋದ್ರಲ್ಲಿ ಹೊಸಬರಿಗೆ ತುಂಬಾ ಗೊಂದಲ ಆಗುತ್ತೆ. ಪೂರ್ತಿ ಟೇಬಲ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ರೆ ಒಳಗಿರೋ ಅಕ್ಷರ ಮಾತ್ರ ಹೋಗುತ್ತೆ, ಟೇಬಲ್ ಹಾಗೇ ಇರುತ್ತೆ, ಟೇಬಲ್ಲೇ ಹೋಗ್ಬೇಕಂದ್ರೆ ಬ್ಯಾಕ್‌ಸ್ಪೇಸ್ ಒತ್ತಬೇಕು.

ಎರಡು ಮೂರು ಪೇಜ್ ಉದ್ದದ ಟೇಬಲ್ ಇದ್ರೆ ಎರಡನೇ ಪೇಜ್‌ನಲ್ಲಿ ಯಾವ ಕಾಲಂ ಯಾವುದು ಅಂತ ಓದೋರಿಗೆ ಗೊತ್ತಾಗಲ್ಲ. ಅದಕ್ಕೆ ಹೆಡಿಂಗನ್ನ ಪ್ರತಿ ಪೇಜ್‌ಗೂ ಕಾಪಿ ಮಾಡಬೇಡಿ, ಮುಂದೆ ಒಂದು ರೋ ಸೇರಿಸಿದ್ರೂ ಅದು ಪೇಜ್ ಮಧ್ಯಕ್ಕೆ ಬಂದು ನಿಲ್ಲುತ್ತೆ. ಮೊದಲನೇ ರೋದಲ್ಲಿ ಕರ್ಸರ್ ಇಟ್ಟು, ಟೇಬಲ್‌ನ ಲೇಔಟ್ ಟ್ಯಾಬ್‌ನಲ್ಲಿ ರಿಪೀಟ್ ಹೆಡರ್ ರೋಸ್ ಆನ್ ಮಾಡಿ. ಆಗಲೂ ಬರಲಿಲ್ಲ ಅಂದ್ರೆ ಟೇಬಲ್ ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ರ್‍ಯಾಪಿಂಗ್ ಅರೌಂಡ್ ಅಂತ ಇದೆಯಾ ನೋಡಿ, ನನ್ (None) ಅಂತ ಇರಬೇಕು. ಅಲ್ಲೇ ರೋ ಟ್ಯಾಬ್‌ನಲ್ಲಿ ಅಲೌ ರೋ ಟು ಬ್ರೇಕ್ ಅಕ್ರಾಸ್ ಪೇಜಸ್ ಅನ್ನೋ ಟಿಕ್ ತೆಗೆದ್ರೆ ಒಂದೇ ರೋ ಅರ್ಧ ಇಲ್ಲಿ ಅರ್ಧ ಅಲ್ಲಿ ಆಗಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಮರ್ಜ್ ಸೆಲ್ಸ್, ಅಂದ್ರೆ ಕೆಲವು ಸೆಲ್‌ಗಳನ್ನ ಸೇರಿಸಿ ಒಂದು ಮಾಡೋದನ್ನ, ಕಟ್ಟಕಡೇಲಿ ಮಾಡಿ. ಚೆನ್ನಾಗಿ ಕಾಣುತ್ತೆ ಅಂತ ಮೊದಲೇ ಮರ್ಜ್ ಮಾಡಿದ್ರೆ ಆಮೇಲೆ ಕಾಲಂ ಸೇರಿಸೋದು ಕಷ್ಟ, ಸಾರ್ಟ್ ಮಾಡೋಕೆ (ಕ್ರಮವಾಗಿ ಜೋಡಿಸೋಕೆ) ಹೋದ್ರೂ ವರ್ಡ್ ಆಗಲ್ಲ ಅನ್ನುತ್ತೆ. ಮಾಹಿತಿ ಎಲ್ಲಾ ತುಂಬಿ, ಸಾರ್ಟ್ ಮಾಡಿ, ಒಂದ್ಸಲ ಚೆಕ್ ಮಾಡಿ ಆಮೇಲೆ ಮರ್ಜ್ ಮಾಡಿ.

ಮೊತ್ತ ಕೂಡೋಕೆ ಕ್ಯಾಲ್ಕುಲೇಟರ್ ಬೇಡ. ಕಾಲಂ ಕೆಳಗಿನ ಖಾಲಿ ಸೆಲ್‌ನಲ್ಲಿ ಕರ್ಸರ್ ಇಟ್ಟು ಅದೇ ಟೇಬಲ್‌ನ ಲೇಔಟ್‌ನಲ್ಲಿ ಫಾರ್ಮುಲಾ ಕ್ಲಿಕ್ ಮಾಡಿದ್ರೆ ಮೇಲಿರೋ ಸಂಖ್ಯೆಗಳನ್ನ ಕೂಡೋ ಫಾರ್ಮುಲಾ ಅದೇ ಹಾಕ್ಕೊಂಡಿರುತ್ತೆ, ಓಕೆ ಕೊಡಿ. ಮಧ್ಯೆ ಖಾಲಿ ಸೆಲ್ ಇದ್ರೆ 0 ಅಂತ ಹಾಕಿ, ಇಲ್ಲಾಂದ್ರೆ ಲೆಕ್ಕ ತಪ್ಪಬಹುದು. ಹೆಡಿಂಗ್‌ನಲ್ಲಿ 2024 ಥರ ವರ್ಷ ಬರೆದಿದ್ರೆ ಅದನ್ನೂ ಸೇರಿಸಿ ಕೂಡಿಬಿಡಬಹುದು, ಹಾಗಾಗಿ ಉತ್ತರ ಒಮ್ಮೆ ಕಣ್ಣಲ್ಲಿ ನೋಡಿ. ಆಮೇಲೆ ಯಾವುದಾದ್ರೂ ಸಂಖ್ಯೆ ಬದಲಾಯಿಸಿದ್ರೆ ಎಕ್ಸೆಲ್ ಥರ ಮೊತ್ತ ತಾನಾಗೇ ಬದಲಾಗಲ್ಲ, ಮೊತ್ತದ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಲೇಬೇಕು.