ಜೇಬಿನ ಚಾಕು ಕೊಳ್ಳುವಾಗ ಹೆಸರಿಗೆ ಬಿಡಬೇಕಾದದ್ದು, ಕೈಗೆ ಬಿಡಬೇಕಾದದ್ದು

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯೊಂದರಲ್ಲಿ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಜೇಬಿನ ಚಾಕು ಆರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಅಂಗಡಿಯವರು ಗಾಜಿನ ಮೇಲೆ ಐದು ಚಾಕುಗಳನ್ನು ಸಾಲಾಗಿ ಇಟ್ಟು ಒಂದೊಂದರ ಕಂಪನಿ, ದೇಶ, ಬೆಲೆ ಹೇಳುತ್ತಿದ್ದರು. ವ್ಯಾಪಾರಿ ಎಲ್ಲವನ್ನೂ ಕೇಳಿಸಿಕೊಂಡು, ಕುಡಿಯಲು ಕೊಟ್ಟಿದ್ದ ನೀರಿನ ಲೋಟದಲ್ಲಿ ಬಲಗೈ ಬೆರಳುಗಳನ್ನು ಅದ್ದಿ, ಒರೆಸಿಕೊಳ್ಳದೆ ಒಂದೊಂದೇ ಚಾಕುವನ್ನು ಬಿಚ್ಚಿ ನೋಡತೊಡಗಿದರು. ಎರಡು ಬಿಚ್ಚಲೇ ಇಲ್ಲ, ಉಗುರು ಜಾರಿತು. ಮೂರನೆಯದು ಬಿಚ್ಚಿತಾದರೂ ಅದನ್ನು ಮುಚ್ಚಲು ಅಲಗಿನ ದಾರಿಯಲ್ಲೇ ಹೆಬ್ಬೆರಳನ್ನು ಇಡಬೇಕಾಗಿ ಬಂದದ್ದರಿಂದ ಅದನ್ನೂ ಪಕ್ಕಕ್ಕೆ ಸರಿಸಿದರು. ಉಳಿದ ಎರಡರ ಬಗ್ಗೆ ಮಾತ್ರ ಅವರು, “ಇವು ಯಾರ ಮಾಲು?” ಎಂದು ಮತ್ತೊಮ್ಮೆ ಕೇಳಿದರು.

ಬಹುತೇಕ ಜನರು ಇದಕ್ಕೆ ತಿರುವುಮುರುವಾಗಿ ಕೊಳ್ಳುತ್ತಾರೆ. ಅಲಗನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೀಟಿ, ಉಕ್ಕು ಒಳ್ಳೆಯದೆಂದು ತಾವೇ ತೀರ್ಮಾನಿಸುತ್ತಾರೆ. ಹಿಡಿಕೆ ತಮ್ಮ ಅಂಗೈಗೆ ಒಗ್ಗುತ್ತದೆಯೇ ಎಂಬುದನ್ನು ಮಾತ್ರ ಕಂಪನಿಯ ಹೆಸರಿನ ಮೇಲೆ ಬಿಡುತ್ತಾರೆ. ಉಕ್ಕಿನ ಗುಣ ಅಂಗಡಿಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಹಿಡಿಕೆ ಹೊಂದುವುದೋ ಇಲ್ಲವೋ ಎಂಬುದು ನಿಮ್ಮ ಕೈಗಲ್ಲದೆ ಸ್ವಿಟ್ಜರ್ಲೆಂಡಿನ ಯಾವ ಕಂಪನಿಗೂ ತಿಳಿಯುವುದಿಲ್ಲ. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂದು ವಿಂಗಡಿಸಿಕೊಂಡರೆ ಆಯ್ಕೆ ಬಹಳಷ್ಟು ಸುಲಭವಾಗುತ್ತದೆ.

ಹೆಸರನ್ನು ಕೇಳಬೇಕಾದ ಪ್ರಶ್ನೆಗಳು

ಬ್ರ್ಯಾಂಡ್ ಎಂಬ ಮಾತು ನಮ್ಮ ಭಾಗಕ್ಕೆ ಹೊಸದಿರಬಹುದು, ವಿಷಯ ಹೊಸದಲ್ಲ. ಸುಗ್ಗಿಗೆ ಮುಂಚೆ ಕುಡಗೋಲು ಮಾಡಿಸಲು ನಮ್ಮೂರಿನವರು ತಮ್ಮೂರ ಕಮ್ಮಾರನನ್ನು ಬಿಟ್ಟು ಮೂರು ಹರದಾರಿ ಆಚೆಯ ಕುಲುಮೆಗೆ ಹೋಗುತ್ತಿದ್ದರು. ಕಾರಣ ಕೇಳಿದರೆ “ಅವನ ಹದ ಚಲೋ” ಎಂಬ ಒಂದೇ ಉತ್ತರ. ಕಾದು ಕೆಂಪಾದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಪುಟುಕ್ಕೆಂದು ಮುರಿಯುವ ಗುಣವನ್ನೂ ಪಡೆಯುತ್ತದೆ. ಅದನ್ನು ಮತ್ತೆ ಹಿತವಾಗಿ ಕಾಯಿಸಿ ಆ ಬಿರುಸನ್ನು ತುಸು ಇಳಿಸುವುದೇ ಹದ ಕೊಡುವುದು. ಹದ ಕೆಟ್ಟ ಅಲಗೂ ಹದವಾದ ಅಲಗೂ ಹೊಸದರಲ್ಲಿ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸ ಗೊತ್ತಾಗಲು ಒಂದು ಸುಗ್ಗಿ ಬೇಕು. ಕಮ್ಮಾರನ ಹೆಸರೆಂದರೆ ಊರಿನವರೆಲ್ಲರ ಅಂಥ ಅನೇಕ ಸುಗ್ಗಿಗಳ ನೆನಪು, ಮತ್ತು ಆ ನೆನಪನ್ನು ನಂಬಿ ಹಣ ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಕಾರ್ಖಾನೆಯ ಚಾಕುವಿಗೂ ಇದೇ ಮಾತು ಅನ್ವಯಿಸುತ್ತದೆ. 1884ರಲ್ಲಿ ಕಾರ್ಲ್ ಎಲ್ಸೆನರ್ ಆರಂಭಿಸಿದ, ಇಂದು ವಿಕ್ಟೋರಿನಾಕ್ಸ್ ಎಂದು ಕರೆಯಲಾಗುವ ಕಂಪನಿಯ ಅಲಗುಗಳ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56. ಇಂದಿನ ದುಬಾರಿ ಚಾಕುಗಳಲ್ಲಿ ಈ ಅಂಕಿ 60 ದಾಟುತ್ತದೆ, ಆದ್ದರಿಂದ ಕಾಗದದ ಮೇಲೆ ಈ ಉಕ್ಕು ಮೆತ್ತಗೆ ಕಾಣುತ್ತದೆ. ಗಡಸುತನ ಹೆಚ್ಚಿದಷ್ಟೂ ಹರಿತ ಹೆಚ್ಚು ದಿನ ನಿಲ್ಲುವುದು ನಿಜ. ಆದರೆ ಮೊಂಡಾದ ಮೇಲೆ ಅದನ್ನು ಮನೆಯ ಸಾಣೆಕಲ್ಲಿನ ಮೇಲೆ ಮತ್ತೆ ಹರಿತಗೊಳಿಸುವುದು ಕಷ್ಟ, ಮೂಳೆಗೋ ಕಲ್ಲಿಗೋ ತಗುಲಿದರೆ ಬಾಯಿ ಚಕ್ಕೆ ಏಳುವ ಸಂಭವವೂ ಹೆಚ್ಚು. ಹೆಸರುಳ್ಳ ಕಂಪನಿಯಿಂದ ನಾವು ನಿರೀಕ್ಷಿಸಬೇಕಾದದ್ದು ದೊಡ್ಡ ಅಂಕಿಯನ್ನಲ್ಲ, ಹೇಳಿದ ಅಂಕಿಯೇ ಪ್ರತಿ ಚಾಕುವಿನಲ್ಲೂ ಇರುವುದನ್ನು. ಇದರ ಜೊತೆಗೆ ದೋಷ ಕಂಡರೆ ಬದಲಿಸಿಕೊಡುವ ಖಾತರಿ, ಹಿಡಿಕೆಯಲ್ಲಿ ಸಿಕ್ಕಿಸಿರುವ ಹಲ್ಲುಕಡ್ಡಿ, ಚಿಮುಟಗಳು ಕಳೆದುಹೋದರೆ ಬಿಡಿಯಾಗಿ ಸಿಗುವ ಅನುಕೂಲ, ಇಷ್ಟನ್ನು ಹೆಸರಿನಿಂದ ಕೇಳಬಹುದು.

ಕೇಳಬಾರದ್ದೂ ಇದೆ. ಹೆಸರಿನೊಂದಿಗೆ ಬರುವ ಕಥೆಗೂ ಕೈಯಲ್ಲಿರುವ ವಸ್ತುವಿಗೂ ಎಷ್ಟೋ ಸಲ ದೂರದ ಸಂಬಂಧ ಮಾತ್ರ ಇರುತ್ತದೆ. ಎಲ್ಸೆನರ್ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಪೂರೈಸಲು ತೊಡಗಿದ್ದು ನಿಜ. ಆದರೆ ಅಂಗಡಿಗಳಲ್ಲಿ ನಾವು ‘ಆರ್ಮಿ ಚಾಕು’ ಎಂದು ಕೊಳ್ಳುವ ಕೆಂಪು ಹಿಡಿಕೆಯ ಚಾಕು 1897ರ ಅಧಿಕಾರಿಗಳ ಮಾದರಿಯ ವಂಶದ್ದು. ಆ ಮಾದರಿಯನ್ನು ಸೈನ್ಯ ಹಂಚಲಿಲ್ಲ, ಅಧಿಕಾರಿಗಳು ತಮ್ಮ ದುಡ್ಡಿನಿಂದ ಕೊಂಡರು. ಫ್ರಾನ್ಸಿನ ‘ಲಾಯೋಲ್’ ಎಂಬುದಂತೂ ಕಂಪನಿಯ ಹೆಸರೇ ಅಲ್ಲ, ಒಂದು ಊರಿನ ಹೆಸರು, ಒಂದು ಬಗೆಯ ಚಾಕುವಿನ ಹೆಸರು. ಹಿಡಿಕೆಯ ಬೆನ್ನಿನ ಮೇಲೆ ಜೇನುನೊಣದ ಆಕಾರ ಕೂರಿಸಿ ಅನೇಕರು ಅನೇಕ ದೇಶಗಳಲ್ಲಿ ಅದನ್ನು ಮಾಡುತ್ತಾರೆ, ಹಾಗಾಗಿ ಆ ಹೆಸರೊಂದರಿಂದಲೇ ಗುಣ ತಿಳಿಯುವುದಿಲ್ಲ. ಜರ್ಮನಿಯ ಸೋಲಿಂಗೆನ್ ಕೂಡ ಊರಿನ ಹೆಸರೇ, ಆದರೆ 1938ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಅಂಗಡಿಯವರು ಹೆಸರು ಹೇಳಿದಾಗ ಅದು ಕಂಪನಿಯದೋ, ಊರಿನದೋ, ಬರೀ ವಿನ್ಯಾಸದ್ದೋ ಎಂದು ಕೇಳುವುದರಿಂದ ನಷ್ಟವಿಲ್ಲ.

ನಕಲಿಯ ಪಾಠವನ್ನು ನಾನು ಹಣ ಕೊಟ್ಟು ಕಲಿತವನು. ಹಲವು ವರ್ಷಗಳ ಹಿಂದೆ ವಸ್ತುಪ್ರದರ್ಶನವೊಂದರ ಮಳಿಗೆಯಲ್ಲಿ ಹೆಸರಾಂತ ಗುರುತಿನ ಚಾಕು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿ ಕೊಂಡೆ. ಅದೇ ವಾರ ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟಿದ್ದೆ. ಬೆಳಗಾಗುವುದರೊಳಗೆ ಅಲಗಿನ ತುಂಬ ಕಂದು ಚುಕ್ಕೆಗಳು ಎದ್ದಿದ್ದವು. ಆಗ ಕನ್ನಡಕ ಹಾಕಿಕೊಂಡು ಅಲಗಿನ ಬುಡವನ್ನು ನೋಡಿದರೆ ಅಲ್ಲಿ ತಯಾರಕರ ಮುದ್ರೆಯೇ ಇರಲಿಲ್ಲ. ಗುರುತಿದ್ದದ್ದು ಪ್ಲಾಸ್ಟಿಕ್ಕಿನ ಹಿಡಿಕೆಯ ಮೇಲೆ ಮಾತ್ರ. ಆದ್ದರಿಂದ ಮೊದಲು ಅಲಗನ್ನು ಪೂರ್ತಿ ಬಿಚ್ಚಿ, ಅದು ಹಿಡಿಕೆಯೊಳಗೆ ಇಳಿಯುವ ಜಾಗದಲ್ಲಿ ಮುದ್ರೆ ಸ್ಪಷ್ಟವಾಗಿದೆಯೇ ನೋಡಿ. ಬಳಿಕ ಚಾಕುವನ್ನು ಮುಚ್ಚಿ ಬೆಳಕಿಗೆ ಹಿಡಿದು, ಹಿಡಿಕೆಯ ಪಟ್ಟಿಗಳ ನಡುವಿನ ಸಂದು ಉದ್ದಕ್ಕೂ ಒಂದೇ ಸಮನಾಗಿದೆಯೇ, ಅಲಗು ನಟ್ಟನಡುವೆ ಕೂರುತ್ತದೆಯೇ ಅಥವಾ ಒಂದು ಬದಿಗೆ ಒರಗುತ್ತದೆಯೇ ಗಮನಿಸಿ. ನಕಲಿ ಮಾಡುವವರು ಬಣ್ಣಕ್ಕೆ ಪಡುವ ಶ್ರಮವನ್ನು ಸಂದಿಗೆ ಪಡುವುದಿಲ್ಲ.

ಕೈಯನ್ನು ಕೇಳಬೇಕಾದ ಪ್ರಶ್ನೆಗಳು

ಇಲ್ಲಿ ಅವಸರ ಬೇಡ. ಅಂಗಡಿಯವರು ಬೇಸರಿಸಿಕೊಂಡರೂ ಹತ್ತು ನಿಮಿಷ ತೆಗೆದುಕೊಳ್ಳಿ, ಮತ್ತು ಚಾಕುವಿನಿಂದ ನಿಜವಾಗಿ ಮಾಡುವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಡಿದು ನೋಡಿ. ಗೋಣಿಚೀಲದ ಹೊಲಿಗೆ ಬಿಚ್ಚುವವರಿಗೆ ಅಲಗಿನ ತುದಿ ಮುಖ್ಯ. ನವಲೂರಿನ ಪೇರಲ ಕೊಂಡು ದಾರಿಯಲ್ಲೇ ಹೆಚ್ಚಿ ತಿನ್ನುವವರಿಗೆ ತೆಳುವಾದ, ಹಣ್ಣಿನ ಅಡ್ಡಳತೆಗಿಂತ ತುಸು ಉದ್ದದ ಅಲಗು ಬೇಕು. ಪಾರ್ಸೆಲ್ಲಿನ ಅಂಟುಪಟ್ಟಿಯನ್ನಷ್ಟೇ ಕತ್ತರಿಸುವವರಿಗೆ ಎರಡು ಇಂಚೂ ಹೆಚ್ಚಾಯಿತು.

ಬಿಚ್ಚುವ ಪರೀಕ್ಷೆಯನ್ನು ಒದ್ದೆ ಕೈಯಲ್ಲೇ ಮಾಡಿ. ಆ ವ್ಯಾಪಾರಿ ಕಲಿಸಿದ ಪಾಠವಿದು. ಉಗುರು ಕತ್ತರಿಸಿದ ಮರುದಿನವೂ ಅಲಗಿನ ಮೇಲಿನ ಉಗುರುಗಚ್ಚು, ಅಂದರೆ ಉಗುರು ಸಿಕ್ಕಿಸಿ ಬಿಚ್ಚುವ ಗೀರು, ನಿಮ್ಮ ಹೆಬ್ಬೆರಳಿಗೆ ಸಿಗಬೇಕು. ಬಿಚ್ಚಿದ ಚಾಕುವನ್ನು ಗಟ್ಟಿಯಾಗಿ ಹಿಡಿದು, ಕಾಗದದ ರಟ್ಟಿನ ಮೇಲೆ ಒತ್ತಿ ಹತ್ತು ಸಲ ಎಳೆಯಿರಿ. ಎಳೆದಾದ ಮೇಲೆ ಅಂಗೈ ನೋಡಿಕೊಂಡರೆ ಹಿಡಿಕೆಯ ಯಾವ ಮೂಲೆ ಚುಚ್ಚುತ್ತದೆ ಎಂಬುದು ಕೆಂಪಗೆ ಬರೆದಿರುತ್ತದೆ. ನಾಲ್ಕು ಬೆರಳೂ ಹಿಡಿಕೆಯ ಮೇಲೆ ನಿಲ್ಲಬೇಕೆಂಬ ನಿಯಮವನ್ನು ಕೆಲವರು ಹೇಳುತ್ತಾರೆ. ಸಣ್ಣ ಕೆಲಸಕ್ಕೆ ಮೂರು ನಿಂತರೆ ಸಾಕೆಂಬುದು ನನ್ನ ಅನುಭವ. ಎಡಗೈಯವರು ಇನ್ನಷ್ಟು ಎಚ್ಚರ ವಹಿಸಬೇಕು, ಏಕೆಂದರೆ ಉಗುರುಗಚ್ಚು, ಬಿಚ್ಚಿದ ಅಲಗು ಮಡಿಚದಂತೆ ಹಿಡಿಯುವ ಬೀಗದ ಪಟ್ಟಿ, ಜೇಬಿನ ಕ್ಲಿಪ್ಪು ಮೂರೂ ಹೆಚ್ಚಾಗಿ ಬಲಗೈಯನ್ನು ನೆನೆದೇ ಮಾಡಿದಂಥವು.

ಮುಚ್ಚುವಾಗಿನ ಶಬ್ದವನ್ನು ಕೇಳಿ ಮಾರುಹೋಗುವವರಿದ್ದಾರೆ, ನಾನೂ ಅವರಲ್ಲೊಬ್ಬ. ಟಕ್ಕೆಂಬ ಗಟ್ಟಿ ಸದ್ದು ಸ್ಪ್ರಿಂಗ್ ಬಿಗಿಯಾಗಿದೆ ಎನ್ನುವುದಕ್ಕೆ ಒಂದು ಸೂಚನೆ ಹೌದು, ಆದರೆ ಸದ್ದು ಚೆನ್ನಾಗಿರುವ ಚಾಕುವಿನ ಅಲಗನ್ನೂ ಎಡಬಲಕ್ಕೆ ಅಲುಗಿಸಿ ನೋಡಿ. ಬುಡದಲ್ಲಿ ಕೂದಲೆಳೆಯಷ್ಟು ಆಟ ಈಗಲೇ ಇದ್ದರೆ ವರ್ಷದೊಳಗೆ ಅದು ಹೆಚ್ಚುತ್ತದೆ.

ತೂಕ ಅಂಗಡಿಯಲ್ಲಿ ಮೋಸ ಮಾಡುತ್ತದೆ. ಭಾರವಾದ ವಸ್ತು ಅಂಗೈಯಲ್ಲಿ ಕೂತಾಗ ಬೆಲೆಯುಳ್ಳದ್ದೆನಿಸುತ್ತದೆ. ಅದೇ ವಸ್ತು ಜುಬ್ಬಾದ ಬದಿಜೇಬಿನಲ್ಲಿ ಮಧ್ಯಾಹ್ನದ ಹೊತ್ತಿಗೆ ತೊಡೆಗೆ ಬಡಿಯತೊಡಗುತ್ತದೆ. ಮನೆಯಲ್ಲೇ ಅಳೆಯಲು ಒಂದು ಉಪಾಯವಿದೆ. ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ವಿಕ್ಟೋರಿನಾಕ್ಸ್‌ನ 33 ಉಪಯೋಗಗಳ ‘ಸ್ವಿಸ್‌ಚಾಂಪ್’ 185 ಗ್ರಾಂ, ಅಂದರೆ 24 ನಾಣ್ಯ. ಬೀಗದಕೈ ಗೊಂಚಲಿಗೆ ಹಾಕುವ ‘ಕ್ಲಾಸಿಕ್’ ಮೂರು ನಾಣ್ಯಗಳಿಗಿಂತ ತುಸು ಹಗುರ. ಅಷ್ಟು ನಾಣ್ಯಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಒಂದು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ. ನಾನು ಇದನ್ನು ಮಾಡದೆ ಕೊಂಡ ದೊಡ್ಡ ಚಾಕು, ಅಸಲಿಯೇ ಆದರೂ, ಧಾರವಾಡದ ಮನೆಯ ಕಪಾಟಿನಲ್ಲಿ ಬಟ್ಟೆಗುಂಡಿಗಳ ಡಬ್ಬಿಯ ಪಕ್ಕದಲ್ಲಿದೆ. ಧೋತರ ಉಡುವ ಹಿರಿಯರು ಚಾಕುವನ್ನು ಉಡಿದಾರಕ್ಕೋ ಎಲೆಅಡಿಕೆಯ ಚಂಚಿಗೋ ಕಟ್ಟಿಕೊಳ್ಳುವುದರಿಂದ ಅವರಿಗೆ ತೂಕಕ್ಕಿಂತ ಹಿಡಿಕೆಯ ತುದಿಯಲ್ಲಿ ಬಳೆ ಇದೆಯೇ ಎಂಬುದು ಮುಖ್ಯವಾಗುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಅಳತೆಯ ಅಂಕಿಯನ್ನು ಸರಿಯಾಗಿ ಓದಬೇಕು. ವಿಕ್ಟೋರಿನಾಕ್ಸ್ ಹೇಳುವ 58, 84, 91, 111 ಮಿಲಿಮೀಟರ್ ಎಂಬವು ಮುಚ್ಚಿದ ಚಾಕುವಿನ ಉದ್ದ. ಮರದ ಹಿಡಿಕೆಯ ಚಾಕು ಮಾಡುವ ಫ್ರಾನ್ಸಿನ ಕಂಪನಿ ಒಪಿನೆಲ್‌ನ 8ನೇ ನಂಬರಿಗೆ ಹೇಳುವ 8.5 ಸೆಂಟಿಮೀಟರ್ ಅಲಗಿನ ಉದ್ದ. ಎರಡನ್ನೂ ಒಂದೇ ಎಂದು ತಿಳಿದು ತರಿಸಿದವರಿಗೆ ಪೊಟ್ಟಣ ಬಿಚ್ಚಿದಾಗ ಅಚ್ಚರಿ ಕಾದಿರುತ್ತದೆ.

ಬೀಗ, ಮಳೆ, ಕಾನೂನು

ಹೆಸರೂ ಕೈಯೂ ಬೇರೆ ಬೇರೆ ಉತ್ತರ ಕೊಟ್ಟಾಗ ನಾನು ಹೀಗೆ ನಿರ್ಧರಿಸುತ್ತೇನೆ: ಕೈ ಒಪ್ಪದ ಚಾಕುವನ್ನು ಎಂಥ ಹೆಸರಿದ್ದರೂ ಬಿಡುತ್ತೇನೆ. ಕೈ ಒಪ್ಪಿ ಹೆಸರು ಅಪರಿಚಿತವಾಗಿದ್ದರೆ ಬೀಗ ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ಬರೀ ಸ್ಪ್ರಿಂಗಿನ ಬಲದ ಮೇಲೆ ನಿಲ್ಲುವ ಚಾಕು ಒತ್ತಿದರೆ ಮಡಿಚಿಕೊಳ್ಳುತ್ತದೆ ಎಂಬುದು ಹಿಡಿದವನಿಗೆ ಗೊತ್ತಿರುತ್ತದೆ, ಅವನು ಎಚ್ಚರದಿಂದ ಬಳಸುತ್ತಾನೆ; ಅಂಥದ್ದನ್ನು ಅಪರಿಚಿತ ತಯಾರಕರಿಂದ ಕೊಂಡರೂ ಹೋಗುವುದು ಸ್ವಲ್ಪ ಹಣ ಮಾತ್ರ. ಬೀಗವಿರುವ ಚಾಕು ಅದನ್ನು ನಂಬಿ ಬಲ ಹಾಕುವಂತೆ ಮಾಡುತ್ತದೆ, ಆ ಬಲದ ನಡುವೆ ಬೀಗ ಜಾರಿದರೆ ಅಲಗು ಮಡಿಚುವುದು ಬೆರಳಿನ ಮೇಲೆಯೇ. ಆದ್ದರಿಂದ ಬೀಗದ ಚಾಕುವಿನಲ್ಲಿ ಹೆಸರಿಗೆ ಕೊಡುವ ಹೆಚ್ಚಿನ ಹಣ ನನಗೆ ದುಬಾರಿ ಎನಿಸಿಲ್ಲ.

ಮರದ ಹಿಡಿಕೆ ಇಷ್ಟಪಡುವವರಿಗೆ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಒಪಿನೆಲ್ 1890ರಿಂದ ಬಂದ ಹೆಸರು, ಅದರ ತಿರುಗುವ ಬೀಗದ ಬಳೆ 1955ರದು, ಅಲಗಿನ ಹರಿತದ ಬಗ್ಗೆ ಎರಡು ಮಾತಿಲ್ಲ. ಆದರೆ ಮರ ತೇವ ಹೀರಿ ಉಬ್ಬುತ್ತದೆ. ಗದಗಿನ ಒಣಹವೆಯಲ್ಲಿ ಹಗುರವಾಗಿ ಬಿಚ್ಚುವ ಚಾಕು ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ನಾಲ್ಕು ದಿನ ಕಳೆದರೆ ಹಿಡಿಕೆಯೊಳಗೆ ಕಚ್ಚಿಕೊಂಡು ಕೂರುತ್ತದೆ. ಆಗ ಉಗುರಿನಿಂದ ಹೋರಾಡಬೇಡಿ: ಬೀಗದ ಬಳೆಯನ್ನು ಬಿಡಿಸಿ, ಹಿಡಿಕೆಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗಿನ ಬೆನ್ನು ಬೆರಳಿಗೆ ಸಿಗುವಷ್ಟು ಹೊರಬರುತ್ತದೆ. ಅದರ ಕಾರ್ಬನ್ ಉಕ್ಕಿನ ಮಾದರಿ ಪೇರಲ, ನಿಂಬೆ, ಮಾವಿನಕಾಯಿ ತಗುಲಿದರೆ ಕಪ್ಪಾಗುತ್ತದೆ. ಇದು ದೋಷವಲ್ಲ, ಆದರೂ ಹಣ್ಣಿಗೆ ಕಬ್ಬಿಣದ ವಾಸನೆ ಬರುವುದನ್ನು ಸಹಿಸದವರು ಅದೇ ಕಂಪನಿಯ ಸ್ಟೇನ್‌ಲೆಸ್ ಮಾದರಿಯನ್ನು ಕೊಳ್ಳುವುದು ಒಳ್ಳೆಯದು.

ಕಾನೂನಿನ ವಿಷಯ ಚಿಕ್ಕದು. ಆಯುಧಗಳ ನಿಯಮಗಳ ಪಟ್ಟಿ ಮನೆಬಳಕೆ, ಬೇಸಾಯ, ಕೈಗಾರಿಕೆಗೆಂದು ಮಾಡದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧವೆಂದು ಎಣಿಸುತ್ತದೆ. ಜೇಬಿನ ಚಾಕು ಆ ಅಳತೆಯ ಹತ್ತಿರಕ್ಕೂ ಹೋಗುವುದಿಲ್ಲ. ಹುಬ್ಬಳ್ಳಿಯಿಂದ ವಿಮಾನ ಹತ್ತುವ ದಿನ ಮಾತ್ರ ಅದನ್ನು ಕೈಚೀಲದಲ್ಲಿ ಮರೆತರೆ ತಪಾಸಣೆಯವರ ಡಬ್ಬಿಗೆ ಬಿಟ್ಟು ಹೋಗಬೇಕಾಗುತ್ತದೆ. ಕೆಳಗೆ ಹಾಕುವ ಸಾಮಾನಿನಲ್ಲಿ ಇಡಿ.

ಕೊಂಡಾದ ಮೇಲೆ ಎಂಥ ಹೆಸರಿನ ಉಕ್ಕನ್ನೂ ಹಾಳು ಮಾಡಲು ಒಂದು ನಿಮಿಷ ಸಾಕು. ಓಣಿಗೆ ಬರುವ ಸಾಣೆಯವರ ತಿರುಗುವ ಚಕ್ರ ಈಳಿಗೆಗೂ ಕೊಡಲಿಗೂ ಸರಿ. ತೆಳುವಾದ ಅಲಗು ಅದರ ಮೇಲೆ ಕ್ಷಣದಲ್ಲಿ ಕಾಯುತ್ತದೆ. ಬಾಯಿಯ ಅಂಚಿನಲ್ಲಿ ನೀಲಿ ಛಾಯೆ ಮೂಡಿತೆಂದರೆ ಅಲ್ಲಿ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿ ಹದ ಇಳಿದುಹೋಗಿದೆ ಎಂದರ್ಥ, ಆ ಭಾಗ ಮುಂದೆ ಹರಿತ ಹಿಡಿಯುವುದಿಲ್ಲ. ಬದಲಿಗೆ ಪಿಂಗಾಣಿ ಕಪ್ಪೊಂದನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಒರಟು ಅಂಚಿನ ಮೇಲೆ ಅಲಗನ್ನು 15ರಿಂದ 20 ಡಿಗ್ರಿಯಷ್ಟು ಮಾತ್ರ ಎತ್ತಿ, ಎರಡೂ ಬದಿ ಹತ್ತು ಹತ್ತು ಸಲ ಹಗುರವಾಗಿ ಎಳೆಯಿರಿ. ಕಪ್ಪಿನ ಅಂಚಿನಲ್ಲಿ ಬೂದುಬಣ್ಣದ ಗೆರೆ ಮೂಡುತ್ತದೆ, ಅದು ತೊಳೆದರೆ ಹೋಗುತ್ತದೆ.